ಬೆಳಕಿನ ಮರೆಯ ವಿಷ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಾಣ್ಣುಡಿಗೆ ರೇಡಿಯಂ ಲೋಹಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ಇದನ್ನು ಕಂಡುಹಿಡಿದರು. ಕತ್ತಲೆಯಲ್ಲಿ ಮಿನುಗುವ ಅದರ ಲವಣಗಳ ಸೊಬಗಿಗೆ ಲೋಕವೇ ಮರುಳಾಯಿತು. ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ತರುಣಿಯರು ಕುಂಚದ ತುದಿಯನ್ನು ತುಟಿಗಳಿಂದ ಚೂಪುಗೊಳಿಸುತ್ತಿದ್ದರು. ಹಾಗೆ ದೇಹವನ್ನು ಹೊಕ್ಕ ರೇಡಿಯಂ ಸುಣ್ಣದ ಅಂಶದಂತೆ ಅವರ ಮೂಳೆಗಳಲ್ಲಿ ನೆಲಸಿತು. ಅನೇಕರು ಅಕಾಲಮರಣಕ್ಕೆ ತುತ್ತಾದರು. ಈ ಲೋಹದ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 1600 ವರ್ಷಗಳು ಬೇಕು.

ಹಾಗೆಂದು ವಿಕಿರಣವನ್ನೇ ಶಪಿಸುವುದು ವಿವೇಕವಲ್ಲ. ಕೋಬಾಲ್ಟ್-60ರ ಕಿರಣಗಳು ಅರ್ಬುದರೋಗದ ಚಿಕಿತ್ಸೆಗೆ ನೆರವಾಗಿವೆ. ಆದರೆ ಅದೇ ಲೋಹ 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಯಲ್ಲಿ ಕಾರ್ಮಿಕನೊಬ್ಬನ ಪ್ರಾಣವನ್ನು ಕೊಂಡಿತು. ವಿಶ್ವವಿದ್ಯಾಲಯವು ಹರಾಜಿನಲ್ಲಿ ಮಾರಿದ ಹಳೆಯ ಯಂತ್ರದೊಳಗೆ ಅದು ಅಡಗಿತ್ತು. ಯಂತ್ರವನ್ನು ಬಿಚ್ಚಿದವರಿಗೆ ಅದರ ಅರಿವಿರಲಿಲ್ಲ. ಇಲ್ಲಿ ತಪ್ಪು ಲೋಹದ್ದಲ್ಲ, ಅರಿಯದವರದೂ ಅಲ್ಲ, ಅರಿಯಬೇಕಾಗಿದ್ದೂ ಮರೆತವರದು.

ಹಳೆಯ ಕಬ್ಬಿಣವನ್ನು ತೂಕಕ್ಕೆ ಕೊಳ್ಳುವವರು ದೆಹಲಿಯಲ್ಲಿರುವಂತೆ ಕೌದಳ್ಳಿಯಂತಹ ಊರುಗಳಿಗೂ ಬರುತ್ತಾರೆ. ಆದ್ದರಿಂದ ಇಂತಹ ವಸ್ತುವನ್ನು ಬಳಸುವ ಸಂಸ್ಥೆಗಳು ಅದರ ಲಾಭದೊಂದಿಗೆ ಕೊನೆಯವರೆಗಿನ ಹೊಣೆಯನ್ನೂ ಹೊರಬೇಕು. ಹಳದಿ ನೆಲದ ಮೇಲೆ ಮೂರು ದಳಗಳ ಗುರುತು ಕಂಡೊಡನೆ ಮುಟ್ಟದೆ ದೂರ ಸರಿದು ಅಧಿಕಾರಿಗಳಿಗೆ ತಿಳಿಸಬೇಕೆಂಬುದನ್ನು ಹಳ್ಳಿಯ ಮಕ್ಕಳೂ ಕಲಿಯಬೇಕು. ಉರಿಯುವ ಕೆಂಡವನ್ನು ಕಣ್ಣು ಕಾಣುತ್ತದೆ; ಕಾಣದ ಈ ಕೆಂಡವನ್ನು ತಿಳಿವಳಿಕೆಯೊಂದೇ ಕಾಣಬಲ್ಲದು.