ಸುಣ್ಣಕಲ್ಲು ನೋಡಲು ಯಾರ ಅಂಗಳ ದಾಟಬೇಕು?

ಗುಂಡಗುರ್ತಿಯಿಂದ ಅಕ್ಕನ ಮಗ ಈಚೆಗೆ ದೂರವಾಣಿ ಮಾಡಿದ್ದ. ಈ ಸಲದ ತೊಗರಿ ಮಾರಿದ ಹಣದಲ್ಲಿ ತಾಯಿಗೆ ಸಮುದ್ರ ತೋರಿಸಬೇಕೆಂಬುದು ಅವನ ಆಸೆ. ಅಕ್ಕನಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಕಾಗಿಣಾ ನದಿಯ ಮಹಾಪೂರವೇ ಆಕೆ ಕಂಡ ಅತಿ ದೊಡ್ಡ ನೀರು. ಗೋವೆಯೋ ಮುರುಡೇಶ್ವರವೋ ಆಗಿದ್ದರೆ ಅವನು ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಅವನ ಮನಸ್ಸು ಅಂಡಮಾನಿನ ಮೇಲೆ ನಿಂತಿದೆ. ನಾನು 2008ರಲ್ಲಿ ಅಲ್ಲಿಗೆ ಹೋಗಿ ಬಂದವನಾದ್ದರಿಂದ ಆರು ದಿನಗಳ ಕಾರ್ಯಕ್ರಮವನ್ನು ಹಾಕಿಕೊಡುವ ಹೊಣೆ ನನ್ನ ಮೇಲೆ ಬಿದ್ದಿತು.

ಪ್ರವಾಸದ ಏಜೆಂಟರು ಕಳುಹಿಸಿದ ಪಟ್ಟಿಯಲ್ಲಿ ಮೂರು ದಿನಗಳವರೆಗೆ ತಕರಾರಿಲ್ಲ. ಸೆಲ್ಯುಲರ್ ಜೈಲು, ಚಿಡಿಯಾ ಟಾಪು, 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ಹ್ಯಾವ್‌ಲಾಕ್. ನಾಲ್ಕನೆಯ ದಿನದ ಎದುರಿಗೆ ‘ಬಾರಾಟಾಂಗ್: ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ’ ಎಂದು ಬರೆದಿತ್ತು. ಬೆಳಗಿನ ಜಾವ ಮೂರು ಗಂಟೆಗೇ ಹೊರಡಬೇಕು ಎಂಬ ಸೂಚನೆಯೂ ಇತ್ತು. ಅಷ್ಟು ಬೇಗ ಏಕೆಂದು ಸೋದರಳಿಯ ಕೇಳಿದಾಗ ಏಜೆಂಟರು ಕೊಟ್ಟ ಉತ್ತರವಿದು: ‘ಕಾಡಿನೊಳಗೆ ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ಮೊದಲ ಸಾಲಿನಲ್ಲಿ ಇರಬೇಕು. ಅದೃಷ್ಟವಿದ್ದರೆ ಜಾರವಾಗಳೂ ಕಾಣಿಸುತ್ತಾರೆ.’

ಅದೃಷ್ಟ ಎಂಬ ಮಾತನ್ನು ನಾನು ಹುಲಿ ಸಫಾರಿಯಲ್ಲಿ ಕೇಳಿದ್ದೇನೆ. ಮನುಷ್ಯರ ಬಗ್ಗೆ ಆ ಮಾತನ್ನು ಕೇಳಿದ್ದು ಇದು ಎರಡನೆಯ ಸಲ. ಮೊದಲ ಸಲ ಕೇಳಿದ್ದೂ ಅದೇ ರಸ್ತೆಯಲ್ಲಿ.

ಆ ರಸ್ತೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಕ್ಷಿಣ ಅಂಡಮಾನಿನಿಂದ ಉತ್ತರದ ಡಿಗ್ಲಿಪುರದವರೆಗೆ ಸಾಗುವ ಅಂಡಮಾನ್ ಟ್ರಂಕ್ ರಸ್ತೆಯನ್ನು 1970ರ ಮತ್ತು 80ರ ದಶಕಗಳಲ್ಲಿ ಜಾರವಾ ಬುಡಕಟ್ಟಿನ ಮೀಸಲು ಅರಣ್ಯವನ್ನು ಸೀಳಿಕೊಂಡು ನಿರ್ಮಿಸಲಾಯಿತು. ಜಾರವಾಗಳು ಬಿಲ್ಲುಬಾಣ ಹಿಡಿದು ಅದನ್ನು ವಿರೋಧಿಸಿದರು. ಎರಡೂ ಕಡೆ ಸಾವುಗಳಾದವು. ‘ಜಾರವಾ’ ಎಂಬುದು ನೆರೆಯ ಬುಡಕಟ್ಟಿನವರು ಇವರಿಗೆ ಇಟ್ಟ ಹೆಸರು, ಅಪರಿಚಿತರು ಎಂದು ಅದರ ಅರ್ಥ. ತಮ್ಮನ್ನು ತಾವು ಅವರು ‘ಆಂಗ್’ ಎಂದು ಕರೆದುಕೊಳ್ಳುತ್ತಾರೆ. 1997ರ ಕೊನೆಯ ಹೊತ್ತಿಗೆ ಅವರು ತಾವಾಗಿಯೇ ಕಾಡಿನ ಅಂಚಿಗೆ ಬರತೊಡಗಿದರು. ಎರಡೇ ವರ್ಷದಲ್ಲಿ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. 2006ರಲ್ಲಿ ಮತ್ತೊಮ್ಮೆ ಹಬ್ಬಿತು.

ದಡಾರವೆಂದರೆ ನಮಗೆ ಒಂದು ವಾರದ ಜ್ವರ, ಬೇವಿನ ಸೊಪ್ಪು, ಮನೆಯ ಹಿರಿಯರ ಪಥ್ಯ. ಆ ದ್ವೀಪಗಳಲ್ಲಿ ಅದರ ಅರ್ಥವೇ ಬೇರೆ. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಸ್ಥಾಪಿಸಿದಾಗ ಗ್ರೇಟ್ ಅಂಡಮಾನೀಸ್ ಎಂದು ಕರೆಯಲಾಗುವ ಹತ್ತು ಬುಡಕಟ್ಟುಗಳಲ್ಲಿ ಸುಮಾರು ಐದು ಸಾವಿರ ಜನರಿದ್ದರೆಂದು ಅಂದಾಜು. 1877ರ ದಡಾರ, ಸಿಫಿಲಿಸ್, ‘ಸುಧಾರಣೆ’ಗಾಗಿ ಕಟ್ಟಿದ ಮನೆಗಳು ಸೇರಿ ಅವರನ್ನು ಮುಗಿಸಿದವು. 2011ರ ಜನಗಣತಿಯಲ್ಲಿ ಉಳಿದವರು 44 ಮಂದಿ. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ ‘ಬೋ’ ಎಂಬ ಭಾಷೆಯೂ ಅವರೊಡನೆ ಹೋಯಿತು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಆಕೆಯ ಮಾತುಗಳನ್ನು ದಾಖಲಿಸಿಕೊಂಡರು. ಆದರೆ ತನ್ನ ಭಾಷೆಯಲ್ಲಿ ಮರುಮಾತನಾಡುವವರಿಲ್ಲದೆ ಆ ಮುದುಕಿ ಕೊನೆಯ ವರ್ಷಗಳನ್ನು ಕಳೆದಳು. ಕವಿರಾಜಮಾರ್ಗ ಹುಟ್ಟಿದ ಮಳಖೇಡದ ನೆರೆಯಲ್ಲಿ ಬೆಳೆದ ನನಗೆ, ಒಂದು ಭಾಷೆಯ ಕೊನೆಯ ಮಾತುಗಾರಳಾಗಿರುವುದು ಹೇಗಿದ್ದೀತೆಂದು ಊಹಿಸುವುದೂ ಕಷ್ಟ.

ಜಾರವಾಗಳ ವಿಷಯದಲ್ಲಿ ನಮ್ಮ ವ್ಯವಸ್ಥೆಗೆ ಅರಿವೇ ಇಲ್ಲವೆಂದು ಹೇಳಲಾಗದು. ರಸ್ತೆಯು ಮೀಸಲು ಪ್ರದೇಶದೊಳಗೆ ಹಾಯುವ ಭಾಗಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರ ಮೇ ತಿಂಗಳಲ್ಲೇ ಆದೇಶಿಸಿತ್ತು. ಹೊರಗಿನವರ ಹಸ್ತಕ್ಷೇಪ ಕನಿಷ್ಠವಾಗಿರಬೇಕೆಂಬ ನೀತಿ 2004ರ ಡಿಸೆಂಬರಿನಲ್ಲಿ ಬಂದಿತು. ಆಹಾರಕ್ಕಾಗಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ದೃಶ್ಯವನ್ನು 2012ರ ಜನವರಿಯಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಹೊರಗೆಡಹಿದಾಗ ದೇಶ ತಲೆತಗ್ಗಿಸಿತು. ಕಾನೂನು ಇನ್ನಷ್ಟು ಬಿಗಿಯಾಯಿತು. 2013ರ ಜನವರಿಯಲ್ಲಿ ಪ್ರವಾಸಿಗರಿಗೆ ಆ ರಸ್ತೆಯನ್ನು ನಿಷೇಧಿಸುವ ಮಧ್ಯಂತರ ಆದೇಶವೂ ಹೊರಬಿದ್ದು, ಕೆಲವೇ ವಾರಗಳಲ್ಲಿ ತೆರವಾಯಿತು. ರಸ್ತೆ ಮಾತ್ರ ಮುಚ್ಚಲಿಲ್ಲ. ನಿಲ್ಲಿಸಬಾರದು, ಚಿತ್ರ ತೆಗೆಯಬಾರದು, ಏನನ್ನೂ ಕೊಡಬಾರದು ಎಂಬ ಫಲಕಗಳ ನಡುವೆ, ಪೊಲೀಸರ ಬೆಂಗಾವಲಿನಲ್ಲಿ ವಾಹನಗಳ ಸಾಲು ಸಾಗುವುದೊಂದು ಏರ್ಪಾಡಾಯಿತು.

ನಾನು ಹೋದ 2008ರಲ್ಲೂ ಆ ಫಲಕಗಳಿದ್ದವು. ಜಿರ್ಕಾಟಾಂಗಿನ ತಪಾಸಣಾ ಠಾಣೆಯಲ್ಲಿ ನಿಯಮಗಳನ್ನು ಓದಿ ಹೇಳಿದರು, ನಾವೆಲ್ಲ ತಲೆಯಾಡಿಸಿದೆವು. ಅರ್ಧ ಗಂಟೆ ಕಳೆದ ಮೇಲೆ ತಿರುವಿನಲ್ಲಿ ಇಬ್ಬರು ಮಕ್ಕಳು ನಿಂತಿದ್ದರು. ಏಳೆಂಟು ವರ್ಷದವರಿರಬಹುದು. ಸೊಂಟಕ್ಕೆ ಕೆಂಪು ದಾರ, ಮುಖಕ್ಕೆ ಬಿಳಿಯ ಮಣ್ಣು. ಚಾಲಕ ಗಾಡಿಯನ್ನು ನಿಲ್ಲಿಸಲಿಲ್ಲ, ನಿಧಾನ ಮಾಡಿದ. ನಿಯಮ ಮುರಿಯದೆಯೇ ಮುರಿಯುವ ಕಲೆ ನಮಗೆ ಹೊಸದಲ್ಲ. ಹಿಂದಿನ ಸೀಟಿನಿಂದ ಯಾರೋ ಕಿಟಕಿಯ ಹೊರಗೆ ಬಿಸ್ಕೀಟಿನ ಪೊಟ್ಟಣವೊಂದನ್ನು ಎಸೆದರು. ಚಿಕ್ಕವನು ಓಡಿ ಬಂದು ಅದನ್ನು ಎತ್ತಿಕೊಂಡ. ಗಾಡಿಯಲ್ಲಿ ನಗೆ ಹರಡಿತು.

ಆ ಪೊಟ್ಟಣ ನಮ್ಮ ಚೀಲದ್ದು. ಎಸೆದವರು ಯಾರೆಂದು ನನಗೆ ಗೊತ್ತಿದೆ, ಅವರ ಕೈಗೆ ಅದನ್ನು ಕೊಟ್ಟವನು ನಾನೇ. ಹಸಿದಿರಬಹುದು ಎಂದುಕೊಂಡೆನೆಂದು ಬಹುಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೂರಾರು ಚದರ ಕಿಲೋಮೀಟರ್ ಕಾಡು, ಕಾಡುಹಂದಿ, ಜೇನು, ಗೆಡ್ಡೆ, ಮೀನು, ಏಡಿಗಳ ಒಡೆಯನಾದ ಹುಡುಗ ನನ್ನ ಬಿಸ್ಕೀಟಿಗಾಗಿ ಹಸಿದಿದ್ದನೆಂಬುದು ನನ್ನ ನಂಬಿಕೆ!

ಇದೆಲ್ಲವನ್ನೂ ಹೇಳಿದಾಗ ಸೋದರಳಿಯ ಸುಮ್ಮನಾಗಲಿಲ್ಲ. ‘ಮಾಮಾ, ನೀ ನೋಡಿ ಬಂದಿ, ಈಗ ನಮಗ ಬ್ಯಾಡ ಅಂತಿ’ ಎಂದ. ಅವನ ಮಾತಿನಲ್ಲಿ ಹುರುಳಿದೆ. ನಾವು ಹೋಗದಿದ್ದರೆ ಆ ಸೀಟಿನಲ್ಲಿ ಬೇರೆಯವರು ಕೂರುತ್ತಾರೆ, ಸರ್ಕಾರವೇ ಬಿಡುತ್ತಿರುವಾಗ ನಮ್ಮದೇನು ತಪ್ಪು, ರಂಗತ್ ಮತ್ತು ಮಾಯಾಬಂದರಿನ ಜನ ದಿನವೂ ಓಡಾಡುವುದಿಲ್ಲವೇ ಎಂದೂ ಕೇಳಿದ. ಕೊನೆಯ ಪ್ರಶ್ನೆಯೇ ಗಟ್ಟಿಯಾದದ್ದು. ಮಧ್ಯ ಅಂಡಮಾನಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಕುಟುಂಬಗಳಿವೆ, ರಾಂಚಿಯ ಕಡೆಯಿಂದ ಕೂಲಿಗೆ ಕರೆತಂದವರ ಮೊಮ್ಮಕ್ಕಳಿದ್ದಾರೆ. ಅವರಿಗೆ ಆಸ್ಪತ್ರೆ ಬೇಕು, ಸಂತೆ ಬೇಕು. ಆ ಬಡವರ ಗಾಡಿಯನ್ನು ತಡೆಯಬೇಕೆಂದು ಬೆಂಗಳೂರಿನಲ್ಲಿ ಕುಳಿತ ನಾನು ಬರೆಯಲಾರೆ. ಸಮುದ್ರದ ಮೂಲಕ ಪರ್ಯಾಯ ಮಾರ್ಗದ ಮಾತು ವರ್ಷಗಳಿಂದ ನಡೆದಿದೆ. ಅದು ಅವರಿಗೆ ನಿತ್ಯದ ನಂಬಿಕೆಯ ಸೌಕರ್ಯವಾಗಬೇಕು. ಆದರೆ ನಾವು ಹೊರಟಿರುವುದು ಆಸ್ಪತ್ರೆಗಲ್ಲವಲ್ಲ.

ಹಾಗಾದರೆ ನಾವು ಹೊರಟಿರುವುದು ಏನನ್ನು ನೋಡಲು? ಸುಣ್ಣಕಲ್ಲನ್ನು! ಈ ವಿಚಾರ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಗುಂಡಗುರ್ತಿಯ ಮನೆಯ ನೆಲ ಸುಣ್ಣಕಲ್ಲು, ಗೋಡೆ ಸುಣ್ಣಕಲ್ಲು, ಹೊಲದ ಬದುವಿನಲ್ಲಿ ನೆಟ್ಟಿದ್ದೂ ಅದೇ ಕಲ್ಲು. ಶಹಾಬಾದಿನ ಪರಸಿ ಎಂದು ದೇಶವೆಲ್ಲ ತುಳಿದಾಡುವುದು ಅದನ್ನೇ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ದಶಕಗಳಿಂದ ಅಗೆದು ಸುಡುತ್ತಿರುವುದೂ ಅದನ್ನೇ. ಗುಹೆಯೇ ಬೇಕೆಂದರೆ ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುಣ್ಣಕಲ್ಲಿನ ಗುಹೆಯಿದೆ. ಅಲ್ಲಿಗೆ ಹೋಗಲು ಯಾರ ಕಾಡನ್ನೂ ದಾಟಬೇಕಿಲ್ಲ. ಬಾರಾಟಾಂಗಿನ ಗುಹೆ ನೆಪವೆಂಬುದು ಏಜೆಂಟರಿಗೂ ಗೊತ್ತು, ಪ್ರವಾಸಿಗರಿಗೂ ಗೊತ್ತು.

ನೋಡಿಸಿಕೊಳ್ಳುವವರ ಪಾಡು ನಮ್ಮ ಸೀಮೆಗೆ ಅಪರಿಚಿತವೇನಲ್ಲ. ನಾನು ಚಿಕ್ಕವನಿದ್ದಾಗ ಶಹಾಬಾದ್ ಕಡೆಯ ಕಲ್ಲಿನ ಖಣಿಯೊಂದಕ್ಕೆ ಅಪ್ಪನೊಡನೆ ಹೋಗಿದ್ದೆ. ತಾಂಡಾದ ಲಂಬಾಣಿ ಹೆಂಗಸರು ತಲೆಯ ಮೇಲೆ ಪರಸಿ ಹೊತ್ತು ಮೇಲೇರುತ್ತಿದ್ದರು. ಜೀಪಿನಲ್ಲಿ ಬಂದ ನಗರದ ಮಂದಿ ಅವರ ಕನ್ನಡಿ ಹಚ್ಚಿದ ಉಡುಪಿನ ಚಿತ್ರಗಳನ್ನು ತೆಗೆದರು. ಕಲ್ಲು ಹೊತ್ತ ಒಬ್ಬಾಕೆಯನ್ನು ಅಲ್ಲೇ ನಿಲ್ಲುವಂತೆ ಕೈಸನ್ನೆ ಮಾಡಿದರು. ಆಕೆ ನಿಂತಳು, ಹೊರೆಯನ್ನು ಇಳಿಸಲಿಲ್ಲ. ಜೀಪು ಹೋದ ಮೇಲೆ ಅಪ್ಪನಿಗೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಗೌಡಾ, ಅವರು ನೋಡಿದ್ದು ಏನು?’ ಅಪ್ಪನ ಬಳಿ ಉತ್ತರವಿರಲಿಲ್ಲ. ಈಗ ಚಿಂಚೋಳಿಯ ಕಾಡಿಗೆ, 2011ರಲ್ಲಿ ವನ್ಯಜೀವಿಧಾಮವಾದ ಆ ಸುಮಾರು 135 ಚದರ ಕಿಲೋಮೀಟರಿಗೆ, ಮಳೆಗಾಲದಲ್ಲಿ ಜಲಪಾತ ನೋಡಲು ಬರುವವರು ಹೆಚ್ಚುತ್ತಿದ್ದಾರೆ. ತೊಗರಿ ಹೊಲಗಳ ನಡುವೆ ಅದೂ ಒಂದು ದ್ವೀಪವೇ. ಅಲ್ಲಿನ ತಾಂಡಾಗಳ ಬಾಗಿಲಲ್ಲಿ ಮೊಬೈಲು ಎತ್ತಿ ಹಿಡಿದವರನ್ನೂ ಕಂಡಿದ್ದೇನೆ. ವ್ಯತ್ಯಾಸವೆಂದರೆ ತಾಂಡಾದವರು ನಮ್ಮ ಭಾಷೆಯಲ್ಲೇ ನಮ್ಮನ್ನು ಬೈಯಬಲ್ಲರು, ಪಂಚಾಯಿತಿಗೆ ಆರಿಸಿ ಬರಬಲ್ಲರು.

ಬುಡಕಟ್ಟಿನವರನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಇದರ ಅರ್ಥವಲ್ಲ. 2025ರ ಜನವರಿಯಲ್ಲಿ 19 ಮಂದಿ ಜಾರವಾಗಳಿಗೆ ಮತದಾರರ ಗುರುತಿನ ಚೀಟಿ ಕೊಡಲಾಯಿತು. ಅವರು ನಾಳೆ ಶಾಲೆಗೆ ಬರಬಹುದು, ಬಾರದಿರಬಹುದು, ತಾವೇ ಅತಿಥಿಗಳನ್ನು ಕರೆಯಲೂಬಹುದು. ಆ ತೀರ್ಮಾನ ಅವರದು. ಉತ್ತರ ಸೆಂಟಿನೆಲ್ ದ್ವೀಪದವರು ತಮ್ಮ ತೀರ್ಮಾನವನ್ನು 2004ರ ಸುನಾಮಿಯ ಮರುದಿನಗಳಲ್ಲಿ ಹೆಲಿಕಾಪ್ಟರಿನತ್ತ ಬಾಣ ಗುರಿಯಿಟ್ಟು ತಿಳಿಸಿದರು. 2018ರ ನವೆಂಬರಿನಲ್ಲಿ ಅಲ್ಲಿಗೆ ನುಸುಳಿದ ಅಮೆರಿಕದ ಯುವಕ ಪ್ರಾಣವನ್ನೇ ತೆತ್ತ. ಜಾರವಾಗಳು ಬಿಲ್ಲು ಕೆಳಗಿಟ್ಟದ್ದನ್ನೇ ನಾವು ಆಹ್ವಾನವೆಂದು ಓದಿಕೊಂಡೆವು. 2011ರ ಗಣತಿಯಂತೆ ಆ ದ್ವೀಪಸಮೂಹದ ಜನಸಂಖ್ಯೆ 3,80,581. ಅದರಲ್ಲಿ ಜಾರವಾಗಳು 380. ಸಾವಿರಕ್ಕೆ ಒಬ್ಬರು! ಪ್ರವಾಸಿಗರು ಈ ಲೆಕ್ಕದಲ್ಲಿಲ್ಲ.

ಏಜೆಂಟರಿಗೆ ನಾಲ್ಕನೆಯ ದಿನವನ್ನು ತೆಗೆದುಹಾಕಿರೆಂದು ತಿಳಿಸಿದೆವು. ಅದಕ್ಕಾಗಿ ಹಣ ಕಡಿಮೆಯಾಗದು, ಇಡೀ ಪ್ಯಾಕೇಜಿಗೆ ಒಂದೇ ದರ ಎಂದರು. ಸೋದರಳಿಯನಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ದುಡ್ಡು ಕೊಟ್ಟೂ ಒಂದು ದಿನ ಖಾಲಿ ಬಿಡುವುದು ಯಾವ ನ್ಯಾಯವೆಂದು ಅವನ ವಾದ. ಆ ಖಾಲಿ ದಿನಕ್ಕೆ ಮಾನವಶಾಸ್ತ್ರ ವಸ್ತುಸಂಗ್ರಹಾಲಯವನ್ನು ನಾನು ಸೂಚಿಸಿದ್ದೇನೆ. ಅಕ್ಕನನ್ನು ಕೇಳಿದರೆ, ‘ಇಷ್ಟು ದೂರ ಹೋಗಿ ಮತ್ತ ಕಲ್ಲು ಯಾಕ ನೋಡಬೇಕೋ, ನೀರಿನ ದಂಡಿಗಿ ಕುಂದರಸ್ರಿ’ ಎಂದಳು.