ಸಂಚಾರಿಯಲ್ಲದ ವಿಷಾದ

ಅಲಂಕಾರಶಾಸ್ತ್ರದ ತರಗತಿಯಲ್ಲಿ 33 ಸಂಚಾರಿಭಾವಗಳನ್ನು ಎಣಿಸುವಾಗ ವಿಷಾದದ ಹೆಸರನ್ನೂ ಹೇಳಿ ಮುಂದೆ ಸಾಗುವುದು ನನ್ನ ವಾಡಿಕೆ. ಬಂದು ಹೋಗುವುದೇ ಅದರ ಲಕ್ಷಣ. ಬಂದದ್ದು ಹೋಗದೆ ಮನೆಮಾಡಿಕೊಂಡರೆ? ಆರು ವರ್ಷಗಳಿಂದ ಖಿನ್ನತೆಯೊಡನೆ ಬಾಳುತ್ತಿರುವ ನನಗೆ ಭರತಮುನಿಯ ಪಟ್ಟಿಯಲ್ಲಿ ಇದಕ್ಕೆ ಉತ್ತರ ದೊರೆತಿಲ್ಲ.

ಕುರುಗೋಡಿನ ಸಿಂದರ ಶಾಸನಗಳನ್ನು ಕುರಿತು ಪ್ರಬಂಧವೊಂದನ್ನು ಬರೆಯಬೇಕೆಂಬುದು ನನ್ನ ಗುರಿ. ಪ್ರತಿ ಯುಗಾದಿಗೂ ಸಂಕಲ್ಪ; ದೀಪಾವಳಿಯ ಹೊತ್ತಿಗೆ ಅದೇ ಗುರಿ ನ್ಯಾಯಾಧೀಶನಂತೆ ಎದುರಿಗೆ ಕೂತಿರುತ್ತಿತ್ತು. ಸಿರುಗುಪ್ಪದಲ್ಲಿರುವ ನನ್ನ ತಾಯಿಯವರಿಗೆ ಇದು ಸೋಮಾರಿತನವೆಂದೇ ತೋರಿತು. “ನಾಟಿ ಹೊತ್ತು ಮೀರಿದ್ರೆ ಗದ್ದಿ ಕಾಯ್ತೈತೇನಪ್ಪಾ?” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ತುಂಗಭದ್ರೆಯ ದಡದ ಭತ್ತದ ಸೀಮೆಯಲ್ಲಿ ಬಾಳಿದವರಿಗೆ ಕಾಲದ ಲೆಕ್ಕವೇ ಬೇರೆ. ಆದರೆ ಈ ರೋಗವು ಮೊದಲು ಕಸಿಯುವುದು ಬಯಸುವ ಶಕ್ತಿಯನ್ನು. ಬಯಕೆಯೇ ಬತ್ತಿದವನಲ್ಲಿ ಗುರಿ ಎಲ್ಲಿಂದ ಹುಟ್ಟಬೇಕು?

ನಮ್ಮ ಜಿಲ್ಲೆಗೆ ಈ ವಿಷಯ ಹೊಸದಾಗಬಾರದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಉಪಚರಿಸುವ ಶಿಕ್ಷಣ ಕೊಡುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಕೈಗೊಂಡದ್ದು ಬಳ್ಳಾರಿಯಲ್ಲಿಯೇ. 1996ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ಮೇಲ್ಪಂಕ್ತಿಯಾದ ಊರಿನಲ್ಲಿ ಅಧ್ಯಾಪಕನೊಬ್ಬ ಮನೋವೈದ್ಯರ ಬಾಗಿಲಿಗೆ ಹೋಗಲು ಕತ್ತಲಾಗುವುದನ್ನು ಕಾದನೆಂದರೆ (ಆ ಅಧ್ಯಾಪಕ ನಾನೇ) ನಗಬೇಕೋ ಅಳಬೇಕೋ!

ಔಷಧದೊಡನೆ ವೈದ್ಯರು ಒಂದು ಸಲಹೆಯನ್ನೂ ಇತ್ತರು. ಗುರಿಯನ್ನು ಆ ದಿನದ ಶಕ್ತಿಗೆ ತಕ್ಕಷ್ಟೇ ಇಟ್ಟುಕೊಳ್ಳಿ. ಮನಸ್ಸು ಬರಲೆಂದು ಕಾಯದೆ ಸಣ್ಣ ಕೆಲಸವೊಂದನ್ನು ಮಾಡಿ, ಮನಸ್ಸು ಹಿಂದಿನಿಂದ ಬಂದೀತು ಎಂದರು. ನನ್ನ ಎಂ.ಎ. ಪದವಿಗೆ ಇದು ಅವಮಾನವೆನಿಸಿತು. ಸ್ನಾನಮಾಡುವುದು, ಒಂದು ಪುಟ ಓದುವುದು, ಇವೂ ಗುರಿಗಳೇ? ಸ್ನಾನವೂ ಆಗದ ದಿನಗಳನ್ನು ಕಂಡಮೇಲೆ ಆ ಪ್ರಶ್ನೆಯನ್ನು ಬಿಟ್ಟೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗನನ್ನು “ಜೀವನದಲ್ಲಿ ಏನಾಗಬೇಕೆಂದಿದ್ದೀಯೆ?” ಎಂದು ಗದರುವ ಮುನ್ನ, “ಈ ವಾರ ನಿದ್ದೆ ಬಂತೇ? ಊಟ ಸೇರಿತೇ?” ಎಂದು ಕೇಳಿ ನೋಡಿರಿ. ಹತ್ತು ವರ್ಷ ಮೊದಲಿನ ಪ್ರಶ್ನೆಯನ್ನೇ ಕೇಳುತ್ತ ಬಂದವನು ನಾನು.

ಕಳೆದ ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ದೊಡ್ಡಬಸವೇಶ್ವರನಿಗೆ ಕೈಮುಗಿದು, ಶಾಸನವೊಂದರ ಎರಡು ಸಾಲುಗಳನ್ನು ನಕಲು ಮಾಡಿಕೊಂಡೆ. ಮೂರನೆಯದಕ್ಕೆ ಕಣ್ಣು ನಿಲ್ಲಲಿಲ್ಲ. ಹಿಂದಿರುಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದೆ.