ಗೋಡೆಯಾಚೆಯ ಸಂಗೀತ

ನಮ್ಮ ಮಿತ್ರರಾದ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು, "ನಮ್ಮ ಹುಡುಗನು ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಸಂಗೀತ ಕಟ್ಟುತ್ತೇನೆನ್ನುತ್ತಾನೆ. ನಮಗೆ ಕೇಳಿಸುವುದು ಧಂ ಧಂ ಎಂಬ ಸದ್ದೊಂದೇ. ಇದಕ್ಕೂ ಸಂಗೀತವೆಂಬ ಹೆಸರೇ?" ಎಂದು ನೊಂದು ನುಡಿದರು. ತಂದೆಮಕ್ಕಳಲ್ಲಿ ಮಾತೇ ನಿಂತುಹೋಗಿದ್ದಿತು.

"ತಾವು ಎಲ್ಲಿ ಕುಳಿತು ಕೇಳಿದಿರಿ?" ಎಂದೆವು.

"ಪಕ್ಕದ ಕೋಣೆಯಲ್ಲಿ" ಎಂದರು. ದೋಷವೆಲ್ಲಿಯದೆಂದು ನಮಗೆ ಅರ್ಧ ತಿಳಿಯಿತು.

ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳನ್ನು ಎಳೆಯರ ಕಿವಿಯು ನಾದವಾಗಿ ಗ್ರಹಿಸಬಲ್ಲುದು. ಗೋಡೆಯು ಇವುಗಳಲ್ಲಿ ತಾರಧ್ವನಿಯನ್ನು ಬಹುಮಟ್ಟಿಗೆ ತಡೆದು, ಮಂದ್ರವನ್ನು ಹೆಚ್ಚಾಗಿ ಹಾಯಗೊಡುತ್ತದೆ. ಹೀಗೆ ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಸಾಧನಕ್ಕೇ ಫಿಲ್ಟರ್ ಎಂದು ಹೆಸರು. ಮಂದ್ರವನ್ನು ಬಿಡುವುದು ಲೋ-ಪಾಸ್. ತಾರವನ್ನು ಬಿಡುವುದು ಹೈ-ಪಾಸ್. ನಮ್ಮ ಮಿತ್ರರು ಮಗನ ಸಂಗೀತವನ್ನು ಇಟ್ಟಿಗೆಯ ಲೋ-ಪಾಸ್ ಫಿಲ್ಟರಿನ ಮೂಲಕ ಕೇಳಿ ತೀರ್ಪು ಕೊಟ್ಟಿದ್ದರು!

ವಿದ್ಯುತ್ಸಂಗೀತದಲ್ಲಿ ಈ ಸಾಧನಕ್ಕೆ ದೊಡ್ಡ ಸ್ಥಾನವುಂಟು. ಅಮೆರಿಕದ ರಾಬರ್ಟ್ ಮೂಗ್ ಅವರು 1960ರ ದಶಕದಲ್ಲಿ ರಚಿಸಿದ ಫಿಲ್ಟರು, ಗೊತ್ತುಮಾಡಿದ ಮೇರೆಯಿಂದ ಮೇಲಿನ ನಾದವನ್ನು ಸ್ಥಾಯಿಯೊಂದಕ್ಕೆ ಸುಮಾರು 24 ಡೆಸಿಬೆಲ್‌ಗಳಂತೆ ಕುಗ್ಗಿಸುತ್ತದೆ. ನಮ್ಮ ದೇಶದ ಚರಣಜೀತ್ ಸಿಂಗ್ ಅವರು 1982ರಲ್ಲಿಯೇ ಜಪಾನಿನ ಯಂತ್ರಗಳಿಂದ ಹತ್ತು ರಾಗಗಳನ್ನು ನುಡಿಸಿ ತಟ್ಟೆ ಹೊರಡಿಸಿದರು. ರಾಗಕ್ಕೂ ಯಂತ್ರಕ್ಕೂ ಹಗೆಯೇನೂ ಇಲ್ಲ.

ನಾವಿಬ್ಬರೂ ಹುಡುಗನ ಕೋಣೆಯೊಳಗೆ ಹೋಗಿ ಕುಳಿತೆವು. ಅಲ್ಲಿಯೂ ಸ್ವರಗಳು ಒಂದರೊಳಗೊಂದು ಕಲಸಿಹೋಗಿದ್ದವು. ತಂದೆಯ ದೂರಿನಲ್ಲಿ ಉಳಿದರ್ಧ ನಿಜವಿದ್ದಿತು. ಡೋಲಿನ ಪೆಟ್ಟು ಸೆಕೆಂಡಿಗೆ ಐವತ್ತು ಅರುವತ್ತು ಕಂಪನಗಳಲ್ಲಿ ನಿಲ್ಲಬೇಕಾದರೆ, ಹಿನ್ನೆಲೆಯ ಸ್ವರಮೇಳದ ಮಂದ್ರಾಂಶವೂ ಅಲ್ಲಿಗೇ ಬಂದು ನುಗ್ಗಾಡುತ್ತಿದ್ದಿತು. ಹುಡುಗನು ಒಂದು ಕೇಳಿಸದಿದ್ದರೆ ಅದನ್ನು ಏರಿಸಿ, ಮತ್ತೊಂದು ಮುಚ್ಚಿಹೋದರೆ ಅದನ್ನೂ ಏರಿಸಿದ್ದನು. ಸದ್ದು ಬೆಳೆಯಿತೇ ಹೊರತು ಸ್ಪಷ್ಟತೆ ಬರಲಿಲ್ಲ.

"ಏರಿಸುವುದನ್ನು ಬಿಡಪ್ಪ, ಬೇಡದ್ದನ್ನು ತೆಗೆದು ನೋಡು" ಎಂದೆವು. ಸ್ವರಮೇಳಕ್ಕೆ ಹೈ-ಪಾಸ್ ಫಿಲ್ಟರನ್ನಿಟ್ಟು 150 ಕಂಪನಗಳ ಕೆಳಗಿನದನ್ನು ಕುಗ್ಗಿಸಿದೊಡನೆ, ಮುಟ್ಟದೆ ಬಿಟ್ಟಿದ್ದ ಡೋಲು ತಾನಾಗಿ ಸ್ಪಷ್ಟವಾಯಿತು. ಹುಡುಗನು ಹುರುಪಿನಿಂದ ಎಲ್ಲ ವಾದ್ಯಗಳ ಮಂದ್ರವನ್ನೂ ಕತ್ತರಿಸಿದನು. ಆಗ ಒಗ್ಗರಣೆಯುಂಟು, ಸಾರಿಲ್ಲವೆಂಬಂತಾಯಿತು. ಒಂದೊಂದನ್ನೇ ಬೇರೆಯಾಗಿ ಕೇಳಿ ಕತ್ತರಿಸಿದರೆ ಈ ತಪ್ಪು ಸಹಜ. ಎಲ್ಲವೂ ಕೂಡಿ ನುಡಿಯುತ್ತಿರುವಾಗಲೇ ಮೇರೆಯನ್ನು ಮೆಲ್ಲನೆ ಏರಿಸಬೇಕು. ಸ್ವರವು ಸೊರಗಿತೆಂದು ತೋರಿದೊಡನೆ ಸ್ವಲ್ಪ ಹಿಂದಕ್ಕೆ ಬರಬೇಕು.

ಕಡೆಯಲ್ಲಿ ಹುಡುಗನು ಇಡಿಯ ಕೃತಿಗೆ ಲೋ-ಪಾಸ್ ಫಿಲ್ಟರನ್ನು ಹಾಕಿದನು. ಮತ್ತೆ ಅದೇ ಧಂ ಧಂ! "ಅಪ್ಪಾ, ನಿಮಗೆ ಕೇಳಿಸುತ್ತಿದ್ದುದು ಇದು" ಎಂದು ಹೇಳಿ, ಮೇರೆಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಬಂದನು. ಬಾಗಿಲು ತೆರೆದಂತೆ ಒಂದೊಂದೇ ಸ್ವರವು ಒಳಬಂದಿತು.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, "ಮತ್ತೊಮ್ಮೆ ಹಾಕು, ಮಗು" ಎಂದರು.

ಮನೆಯ ಮಕ್ಕಳ ಸಂಗೀತವು ಗದ್ದಲವೆಂದು ತೋರಿದಾಗ, ವಾಚಕರು ತೀರ್ಪಿಗೆ ಮುಂಚೆ ಗೋಡೆಯನ್ನು ದಾಟಿ ಒಳಹೋಗಿ ಕುಳಿತುಕೊಳ್ಳಬೇಕೆಂದು ನಮ್ಮ ಬಿನ್ನಹ.